ದೊಡ್ಡಮ್ಮನ ರಕ್ತದಲ್ಲೂ ಟೆಸ್ಟೋಸ್ಟಿರಾನ್ ಇದೆ

ವಯಸ್ಸಾದ ಹೆಂಗಸರ ದೇಹದಲ್ಲಿರುವ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನಿನ ಬಗ್ಗೆ ಮೊನ್ನೆ ಮನೆಯಲ್ಲಿ ಮಾತಾಡುತ್ತಿದ್ದೆ. ಅವರೆಕಾಯಿ ಬಿಡಿಸುತ್ತಿದ್ದ ದೊಡ್ಡಮ್ಮ ತಲೆ ಎತ್ತಿ ಕೇಳಿದರು: "ಅದು ಗಂಡಸರದ್ದು ಅಲ್ವಾ? ನಮಗೆಲ್ಲಿಂದ ಬಂತು?"

ಅದು ಹೆಂಗಸರದ್ದೂ ಹೌದು. ಅದಕ್ಕೆ ಮೂಲ ಎರಡು: ಒಂದು ಅಂಡಾಶಯ, ಇನ್ನೊಂದು ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ. ಹೆಣ್ಣಿನ ಹಾರ್ಮೋನ್ ಎನ್ನುವ ಈಸ್ಟ್ರೋಜನ್ ಅನ್ನು ದೇಹ ತಯಾರಿಸುವುದೂ ಟೆಸ್ಟೋಸ್ಟಿರಾನ್‌ನಂಥ ಹಾರ್ಮೋನುಗಳಿಂದಲೇ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಒಮ್ಮೆಲೇ ಕುಸಿಯುತ್ತದೆ. ಟೆಸ್ಟೋಸ್ಟಿರಾನ್ ಹಾಗಲ್ಲ. ಇಪ್ಪತ್ತು-ಮೂವತ್ತರ ಪ್ರಾಯದಿಂದಲೇ ನಿಧಾನವಾಗಿ ಇಳಿಯುತ್ತಾ ಬಂದಿರುತ್ತದೆ. ಮುಟ್ಟು ನಿಂತ ಮೇಲೂ ಅಂಡಾಶಯ ಅದನ್ನು ಒಂದಿಷ್ಟು ಮಾಡುತ್ತಲೇ ಇರುತ್ತದೆ.

ಎಷ್ಟಿರುತ್ತದೆ? ಒಂದು ಸಕ್ಕರೆ ಹರಳನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ. ಎಪ್ಪತ್ತು ದಾಟಿದ ಹೆಂಗಸಿನ ಇಡೀ ರಕ್ತದಲ್ಲಿರುವ ಟೆಸ್ಟೋಸ್ಟಿರಾನ್ ಕೂಡಿಸಿದರೂ ಆ ಹರಳಿನ ಸಾವಿರದ ಒಂದು ಪಾಲಿನಷ್ಟೂ ಆಗುವುದಿಲ್ಲ. ಗಂಡಸರ ಮಟ್ಟಕ್ಕೆಂದೇ ಮಾಡಿದ ಹಳೆಯ ಪರೀಕ್ಷೆಗಳು ಇಷ್ಟು ಕಡಿಮೆ ಇದ್ದಾಗ ತಪ್ಪುತ್ತಿದ್ದವು. ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನ ಬಂದ ಮೇಲೆಯೇ ಲೆಕ್ಕ ನಂಬುವಂತಾಯಿತು.

ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಆ ವಿಧಾನದಲ್ಲೇ, 70 ವರ್ಷ ಮತ್ತು ಅದಕ್ಕೂ ಮೇಲಿನ 5,500ಕ್ಕೂ ಜಾಸ್ತಿ ಹೆಂಗಸರ ರಕ್ತ ಪರೀಕ್ಷಿಸಿದರು. ಯಾರಿಗೂ ಅದುವರೆಗೆ ಹೃದಯಾಘಾತ ಆಗಿರಲಿಲ್ಲ. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅವರ ಆರೋಗ್ಯ ಗಮನಿಸಿದರು. 2022ರಲ್ಲಿ ಬಂದ ಫಲಿತಾಂಶ ನನ್ನನ್ನು ನಿಜಕ್ಕೂ ನಿಲ್ಲಿಸಿತು: ಟೆಸ್ಟೋಸ್ಟಿರಾನ್ ತೀರಾ ಕಡಿಮೆ ಇದ್ದವರಿಗೆ ಹೋಲಿಸಿದರೆ, ಜಾಸ್ತಿ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಅಪಾಯ ಹೆಚ್ಚುಕಡಿಮೆ ಅರ್ಧದಷ್ಟಿತ್ತು.

ಆದರೆ ಅಮೆರಿಕದ ಮೆಸಾ ಎಂಬ ಹೃದ್ರೋಗ ಅಧ್ಯಯನ 2018ರಲ್ಲಿ ಬೇರೆಯದನ್ನೇ ಹೇಳಿತ್ತು. ಮುಟ್ಟು ನಿಂತ 2,834 ಹೆಂಗಸರಲ್ಲಿ, ಈಸ್ಟ್ರೋಜನ್‌ಗೆ ಹೋಲಿಸಿದರೆ ಟೆಸ್ಟೋಸ್ಟಿರಾನ್ ಜಾಸ್ತಿ ಇದ್ದವರಿಗೇ ಹೃದಯದ ತೊಂದರೆ ಹೆಚ್ಚು. ಅವರ ವಯಸ್ಸು ಬೇರೆ, ಅಳೆದ ರೀತಿ ಬೇರೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವಂತಿಲ್ಲ.

ಇನ್ನೊಂದು ಮಾತು. ಕಡಿಮೆ ಟೆಸ್ಟೋಸ್ಟಿರಾನ್ ಹೃದಯವನ್ನು ಕೆಡಿಸುತ್ತದೋ, ಅಥವಾ ಒಳಗೊಳಗೇ ಸೊರಗುತ್ತಿರುವ ದೇಹದಲ್ಲಿ ಅದೂ ಕಡಿಮೆಯಾಗುತ್ತದೋ? ಬರೀ ಗಮನಿಸುವುದರಿಂದ ಇದು ಗೊತ್ತಾಗದು. ಈಸ್ಟ್ರೋಜನ್ ವಿಷಯದಲ್ಲಿ ವೈದ್ಯರು ಪೆಟ್ಟು ತಿಂದದ್ದು ಇಲ್ಲೇ. ಹಾರ್ಮೋನ್ ಮಾತ್ರೆ ನುಂಗುವವರ ಹೃದಯ ಗಟ್ಟಿ ಎಂದು ವರ್ಷಗಟ್ಟಲೆ ನಂಬಿದ್ದರು. ಆಮೇಲೆ 16,608 ಹೆಂಗಸರಲ್ಲಿ ಕೆಲವರಿಗೆ ಈಸ್ಟ್ರೋಜನ್-ಪ್ರೊಜೆಸ್ಟಿನ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಸಪ್ಪೆ ಮಾತ್ರೆ ಕೊಟ್ಟು ನೋಡಿದರು. ಸ್ತನ ಕ್ಯಾನ್ಸರ್ ಹೆಚ್ಚಿತು, ಹೃದಯಾಘಾತವೂ ಹೆಚ್ಚಿತು. 2002ರಲ್ಲಿ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಹೃದಯ ಕಾಪಾಡಲು ಅಂತ ಹೆಂಗಸರಿಗೆ ಟೆಸ್ಟೋಸ್ಟಿರಾನ್ ಕೊಡಬೇಕೆಂದು 2019ರಲ್ಲಿ ಸೇರಿದ ಹಲವು ದೇಶಗಳ ತಜ್ಞರೂ ಹೇಳಲಿಲ್ಲ. ಯಾರಾದರೂ ಈಗಲೇ ಟೆಸ್ಟೋಸ್ಟಿರಾನ್ ಜೆಲ್ ಹಚ್ಚಿಕೊಳ್ಳಿ ಅಂದರೆ ದಯವಿಟ್ಟು ಕೇಳಬೇಡಿ.

"ಹಾಗಾದ್ರೆ ನಾನೂ ಟೆಸ್ಟ್ ಮಾಡಿಸ್ಬೇಕಾ?" ದೊಡ್ಡಮ್ಮ ಕೇಳಿದರು. ಬೇಡ, ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸೋಣ ಎಂದೆ. ಹೆಂಗಸರಿಗೆ ಹೃದಯದ ತೊಂದರೆ ಕೆಲವೊಮ್ಮೆ ಸುಸ್ತು, ಉಬ್ಬಸ, ದವಡೆ ನೋವು, ಹೊಟ್ಟೆ ತೊಳಸಿದ ಹಾಗೆಲ್ಲ ಬರುತ್ತದೆ ಎಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ, "ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಗುತ್ತೆ ಕಣೋ. ಗ್ಯಾಸ್ ಅಂದ್ಕೊಂಡಿದ್ದೆ" ಎಂದರು.

ಅವರೆಕಾಯಿ ಅಲ್ಲೇ ಬಿಟ್ಟು ಇಸಿಜಿ ಮಾಡಿಸಲು ಹೊರಟೆವು.