ಓದುಗರ ಪ್ರಶ್ನೆ: ಏಪ್ರಿಲ್, ಮೇ ಬಿಸಿಲಿನಲ್ಲಿ ಗಾಳ ಹಾಕಬಹುದಾ?

ಪ್ರಶ್ನೆ: ಭಾನುವಾರ ಬಂದರೆ ಊರ ಕೆರೆಗೆ ಹೋಗಿ ಗಾಳ ಹಾಕುತ್ತೇನೆ. ಹಿಡಿದ ಮೀನನ್ನು ಹೆಚ್ಚಾಗಿ ವಾಪಸ್ ನೀರಿಗೇ ಬಿಡುತ್ತೇನೆ. ಕಡು ಬೇಸಿಗೆಯಲ್ಲಿ ಇದೆಲ್ಲ ನಿಲ್ಲಿಸಬೇಕು ಅಂತ ಒಬ್ಬರು ಹೇಳಿದರು. ಬೆಳಗಿನ ಜಾವ ಹೋದರೆ ಏನೂ ತೊಂದರೆ ಇಲ್ಲ ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ ಈ ಪ್ರಶ್ನೆ ಬಂದೇ ಬರುತ್ತದೆ. ನನ್ನ ಉತ್ತರ ಸ್ವಲ್ಪ ತಲೆಕೆಳಗಾಗಿ ಕಾಣಬಹುದು. ಸಾರಿಗೆ ಅಂತ ಹಿಡಿಯುವುದಾದರೆ ಹಿಡಿಯಿರಿ, ಮನೆಗೆ ಸಾಕಾಗುವಷ್ಟು ಸಿಕ್ಕ ಕೂಡಲೇ ಎದ್ದು ಬನ್ನಿ. ಹಿಡಿದು ಬಿಡುವ ಖುಷಿಗಾಗಿ ಹೋಗುವುದಾದರೆ, ಮಳೆಗಾಲ ಹಿಡಿದು ನೀರು ತಣ್ಣಗಾಗುವವರೆಗೆ ಗಾಳ ಅಟ್ಟದ ಮೇಲಿರಲಿ.

ಕೊಂದು ತಿನ್ನುವವನಿಗೆ ಅನುಮತಿ, ಕರುಣೆ ತೋರಿಸಿ ಬಿಡುವವನಿಗೆ ಬೇಡ ಅಂದರೆ ಹೇಗೆ ಅಂತ ಕೇಳಬಹುದು. ಸಮಸ್ಯೆ ಅಲ್ಲೇ ಇರುವುದು. ಬೇಸಿಗೆಯ ಕೆರೆಗೆ ನೀವು ಬಿಟ್ಟ ಮೀನು ಬದುಕುತ್ತದೆ ಅನ್ನುವುದು ಬರೀ ನಮ್ಮ ನಂಬಿಕೆ. ಬಾಲ ಬಡಿದು ಈಜಿಕೊಂಡು ಹೋದದ್ದನ್ನು ಮಾತ್ರ ನಾವು ನೋಡಿರುತ್ತೇವೆ. ನಾನೂ ಒಂದು ಏಪ್ರಿಲ್‌ನಲ್ಲಿ ಎರಡು ಕೆಜಿ ಹತ್ತಿರದ ಗೆಂಡೆಯೊಂದನ್ನು ಸಂಜೆ ಹೊತ್ತು ಹಿಡಿದು, ಫೋಟೋ ತೆಗೆಸಿಕೊಂಡು, ದೊಡ್ಡ ಮನಸ್ಸು ಮಾಡಿ ಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ಹೋದರೆ ತೂಬಿನ ಹತ್ತಿರ ಅದೇ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ತುಟಿಯಲ್ಲಿ ಗಾಳದ ಗಾಯ ಹಾಗೇ ಇತ್ತು. ಸಾರಿಗೂ ಇಲ್ಲ, ಕೆರೆಗೂ ಇಲ್ಲ.

ಹೀಗೇಕೆ ಆಗುತ್ತದೆ ಅಂದರೆ, ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯ ನೀರು ಲೀಟರ್‌ಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. 30 ಡಿಗ್ರಿಗೆ ಬಂದರೆ ಏಳೂವರೆ. ಇದು ಸಮುದ್ರ ಮಟ್ಟದ ಲೆಕ್ಕ. ಬೆಂಗಳೂರಿನಂತೆ 900 ಮೀಟರ್ ಎತ್ತರದಲ್ಲಿರುವ ಕಡೆ ಅದರಲ್ಲೂ ಹತ್ತನೇ ಒಂದು ಪಾಲು ಖೋತಾ. ಮೀನಿನ ಮೈ ಶಾಖ ನೀರಿನ ಶಾಖದಂತೆಯೇ ಏರುತ್ತದೆ, ಇಳಿಯುತ್ತದೆ. ನೀರು 10 ಡಿಗ್ರಿ ಬಿಸಿಯಾದರೆ ಮೀನಿನ ಮೈಯೊಳಗಿನ ಆಮ್ಲಜನಕದ ಖರ್ಚು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಆದಾಯ ಇಳಿದಿದೆ, ಖರ್ಚು ಏರಿದೆ. ಸುಮ್ನೆ ಇದ್ದರೆ ಹೇಗೋ ನಡೆಯುತ್ತದೆ. ಗಾಳಕ್ಕೆ ಬಿದ್ದು ಹತ್ತು ನಿಮಿಷ ಎಳೆದಾಡಿದರೆ ಸಾಲ ಹೊರಬೇಕಾಗುತ್ತದೆ, ಮೈಯಲ್ಲಿ ಆಮ್ಲ ತುಂಬುತ್ತದೆ. ಆ ಸಾಲ ತೀರಿಸಲು ಗಂಟೆಗಟ್ಟಲೆ ಬೇಕು.

ಅದರ ಮೇಲೆ ನಮ್ಮ ಫೋಟೋ. ಓಡಿ ಬಂದು ಏದುಸಿರು ಬಿಡುತ್ತಿರುವವನ ಮೂಗು ಬಾಯಿ ಮುಚ್ಚಿ ಹಿಡಿದು "ನಗು" ಅಂದ ಹಾಗೆ ಅದು. ಕೆನಡಾದಲ್ಲಿ 1992ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಟ್ರೌಟ್ ಮೀನುಗಳನ್ನು ಚೆನ್ನಾಗಿ ಓಡಾಡಿಸಿ ದಣಿಸಿದರು. ಬರೀ ದಣಿದವುಗಳಲ್ಲಿ 100ಕ್ಕೆ 12 ಸತ್ತವು. ದಣಿದ ಮೇಲೆ ಅರ್ಧ ನಿಮಿಷ ನೀರಿನಿಂದ ಹೊರಗಿಟ್ಟವುಗಳಲ್ಲಿ 38, ಒಂದು ನಿಮಿಷ ಇಟ್ಟವುಗಳಲ್ಲಿ 72. ಟ್ರೌಟ್ ನಾಜೂಕು ಜಾತಿ, ನಮ್ಮ ಗೆಂಡೆ ಗಟ್ಟಿಜೀವ, ನಿಜ. ಆದರೆ ಕಿವಿರು ಕೆಲಸ ಮಾಡುವ ರೀತಿ ಎರಡಕ್ಕೂ ಒಂದೇ.

ಈಗ ಬೆಳಗಿನ ಜಾವದ ವಿಷಯ. ಇದು ನನಗೆ ತುಂಬಾ ಕಿರಿಕಿರಿ ಮಾಡುವ ಸಲಹೆ, ಯಾಕೆಂದರೆ ಅರ್ಧ ನಿಜ. ಅಮೆರಿಕದ ಮೊಂಟಾನಾದಲ್ಲಿ ನದಿ ನೀರು ಸತತ ಮೂರು ದಿನ ಸುಮಾರು 23 ಡಿಗ್ರಿ ಮುಟ್ಟಿದರೆ, ಮಧ್ಯಾಹ್ನ 2ರಿಂದ ನಡುರಾತ್ರಿವರೆಗೆ ಗಾಳ ಹಾಕುವುದನ್ನು ನಿಲ್ಲಿಸುವ ಪದ್ಧತಿ ಇದೆ. ಬೆಳಿಗ್ಗೆ ಹೋಗಬಹುದು. ಅದು ಹರಿಯುವ ನದಿ, ತಣ್ಣೀರಿನ ಮೀನು. ಅಲ್ಲಿಗೆ ಸರಿಯಾದ ಮಾತು. ಅದನ್ನೇ ಓದಿಕೊಂಡು ಬಂದು ನಮ್ಮ ಹಸಿರುಗಟ್ಟಿದ ಕೆರೆಗೆ ಅಂಟಿಸಿದರೆ ಆಗುತ್ತದಾ? ಅಲ್ಲಿ 23 ಡಿಗ್ರಿ ಅಂದರೆ ಗಾಬರಿ. ನಮ್ಮ ಕಾಟ್ಲಾ, ರೋಹುಗಳಿಗೆ 25ರಿಂದ 32 ಡಿಗ್ರಿ ಹಿತವಾದ ಹವೆ.

ನಿಂತ ಕೆರೆಯಲ್ಲಿ ನಡೆಯುವುದೇ ಬೇರೆ. ನೀರಿನಲ್ಲಿರುವ ಪಾಚಿ ಹಗಲು ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ, ಮೀನು, ತಳದಲ್ಲಿ ಕೊಳೆಯುವ ಕೆಸರು ಎಲ್ಲ ಸೇರಿ ಅದನ್ನು ತಿನ್ನುತ್ತವೆ. ಹಾಗಾಗಿ ಆಮ್ಲಜನಕ ಅತ್ಯಂತ ಕಡಿಮೆ ಇರುವ ಹೊತ್ತು ಸೂರ್ಯ ಹುಟ್ಟುವುದಕ್ಕೆ ಸ್ವಲ್ಪ ಮುಂಚೆ. ಮನುಷ್ಯನಿಗೆ ಹಾಯಾದ ತಂಪು ಹೊತ್ತೇ ಮೀನಿಗೆ ಉಸಿರುಗಟ್ಟುವ ಹೊತ್ತು. ಮೀನು ಸಾಕುವವರಿಗೆ ಇದು ಗೊತ್ತು. ಬೆಳಗಿನ ಜಾವ ಕೊಳದ ಹತ್ತಿರ ಹೋಗಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆಯಾ ಅಂತ ನೋಡುತ್ತಾರೆ, ಬಿಡುತ್ತಿದ್ದರೆ ಓಡಿ ಹೋಗಿ ಪಂಪು ಹಾಕುತ್ತಾರೆ. ಹೊಸಬರು ಇದೇ ದೃಶ್ಯ ನೋಡಿ "ಆಹಾ, ಮೀನು ಮೇಲೆ ಆಡುತ್ತಿದೆ" ಅಂತ ಎರೆಹುಳು ಪೋಣಿಸುತ್ತಾರೆ. ಅದು ಆಟವಲ್ಲ. ಆ ಹೊತ್ತಿನಲ್ಲಿ ಮೀನು ಎರೆ ಮುಟ್ಟುವುದೂ ಇಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಾರ ಮೀನುಗಾರಿಕೆಗೆ ಯೋಗ್ಯವಾದ ನೀರಿನಲ್ಲಿ ಲೀಟರ್‌ಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು. ಚರಂಡಿ ನೀರು ಸೇರುವ ಊರ ಕೆರೆಯಲ್ಲಿ ಬೇಸಿಗೆಯ ಮುಂಜಾವು ಇದಕ್ಕಿಂತ ಕೆಳಗೆ ಇಳಿಯುವುದು ಕಷ್ಟವೇನಲ್ಲ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಂದದ್ದು ನಿಮಗೆ ನೆನಪಿರಬಹುದು. ಅಂಥ ಕೆರೆಯ ಮೀನಿಗೆ ಗಾಳದ ಕಾಟವೂ ಬೇಕಾ?

ಆದರೂ ಕೈ ತುರಿಸುತ್ತದೆ, ಹೋಗಿಯೇ ಹೋಗುತ್ತೇನೆ ಅನ್ನುವವರಿಗೆ ನಾನು ಹೇಳುವುದು ಬೆಳಿಗ್ಗೆ ಎಂಟರಿಂದ ಹತ್ತು. ಪಾಚಿ ಕೆಲಸ ಶುರು ಮಾಡಿರುತ್ತದೆ, ನೀರು ಇನ್ನೂ ಕಾದಿರುವುದಿಲ್ಲ. ಸಂಜೆ ಐದರ ಮೇಲೆ ನೀರಿನಲ್ಲಿ ಆಮ್ಲಜನಕ ಚೆನ್ನಾಗಿರುತ್ತದೆ, ಮೀನೂ ಕಚ್ಚುತ್ತದೆ. ಆದರೆ ಸಂಜೆ ದಣಿದ ಮೀನಿಗೆ ಸುಧಾರಿಸಿಕೊಳ್ಳಲು ಸಿಗುವುದು ರಾತ್ರಿ ಮಾತ್ರ. ನನ್ನ ಗೆಂಡೆಗೆ ಆದದ್ದು ಅದೇ ಇರಬೇಕು. ಹಾಗಾಗಿ ಸಂಜೆಯ ಮೀನು ಸಾರಿಗೆ, ಬೆಳಗಿನ ಮೀನು ಬೇಕಾದರೆ ವಾಪಸ್. ಥರ್ಮಾಮೀಟರ್ ಒಂದಕ್ಕೆ ದಾರ ಕಟ್ಟಿ ಮೊಣಕೈ ಆಳಕ್ಕೆ ಇಳಿಸಿ ನೋಡಿ. 30 ದಾಟಿದ್ದರೆ ಬಿಡುವ ಆಟ ಬೇಡ. ಇದು ಕಾನೂನಲ್ಲ, ನಾನು ಹಾಕಿಕೊಂಡ ಗೆರೆ. ಬಿಡಲೇಬೇಕಾಗಿ ಬಂದರೆ ತುದಿಯಲ್ಲಿ ಹಿಮ್ಮುಖ ಮುಳ್ಳಿಲ್ಲದ ಗಾಳ, ಗಟ್ಟಿ ದಾರ, ಬೇಗ ಎಳೆದು ನೀರಿನೊಳಗೇ ಬಿಚ್ಚುವುದು. ದಡದ ಬಿಸಿನೀರಿನಲ್ಲಿ ಬಲೆಚೀಲ ಕಟ್ಟಿ ಮೀನು ಕೂಡಿಡುವುದಂತೂ ಬೇಡವೇ ಬೇಡ.

ಎಲ್ಲ ಮೀನಿಗೂ ಇದೇ ಲೆಕ್ಕವಲ್ಲ. ಕೊರಮೀನು, ಮುರುಗೋಡು, ಚೇಳು ಮೀನು ಇವೆಲ್ಲ ಮೇಲೆ ಬಂದು ಗಾಳಿಯನ್ನೇ ಎಳೆದುಕೊಳ್ಳಬಲ್ಲವು. ಕೆಸರಿನಲ್ಲೂ ಬದುಕುವ ಜಾತಿ. ಜಿಲೇಬಿ ಮೀನು ಕೂಡ ಜಗ್ಗುವುದಿಲ್ಲ. ಅದು ಹೊರಗಿನಿಂದ ಬಂದು ನಮ್ಮ ಕೆರೆಗಳನ್ನು ತುಂಬಿಕೊಂಡಿರುವುದು, ಎಷ್ಟು ಹಿಡಿದರೂ ನನಗೇನೂ ಬೇಸರವಿಲ್ಲ. ಬೇಸಿಗೆಯಲ್ಲಿ ಹುರಿಯಲು ಮೀನು ಬೇಕು ಅನ್ನುವವರಿಗೆ ನಾನು ತೋರಿಸುವುದು ಅದನ್ನೇ.

ಮಲೆನಾಡಿನವರು ಈ ಪ್ರಶ್ನೆಯನ್ನು ಯಾವತ್ತೋ ತಮ್ಮದೇ ರೀತಿಯಲ್ಲಿ ಬಗೆಹರಿಸಿಕೊಂಡಿದ್ದಾರೆ. ಸಾಗರ, ಸೊರಬದ ಕಡೆ ಬೇಸಿಗೆಯಲ್ಲಿ ಕೆರೆ ಇಳಿದು ಮೊಣಕಾಲುದ್ದ ನೀರಾದಾಗ ಕೆರೆಬೇಟೆ ನಡೆಯುತ್ತದೆ. ಗೊತ್ತು ಮಾಡಿದ ದಿನ ಊರಿಗೆ ಊರೇ ಕೂಣಿ, ಅಂದರೆ ಮೇಲೂ ಕೆಳಗೂ ಬಾಯಿ ಇರುವ ಬಿದಿರಿನ ಬುಟ್ಟಿ, ಹಿಡಿದು ಒಟ್ಟಿಗೆ ನೀರಿಗಿಳಿಯುತ್ತದೆ. ಕೂಣಿಯನ್ನು ಕೆಸರಿಗೆ ಒತ್ತುವುದು, ಒಳಗೆ ಬಡಿದಾಡಿದ್ದು ಗೊತ್ತಾದರೆ ಮೇಲಿನ ಬಾಯಿಯಿಂದ ಕೈ ಹಾಕಿ ತೆಗೆಯುವುದು. ಮೇ ತಿಂಗಳಲ್ಲಿ ಒಣಗಿ ಸಾಯಲಿದ್ದ ಮೀನು ಊಟದ ತಟ್ಟೆಗೆ ಬರುತ್ತದೆ. ಇದರಲ್ಲಿ ತಪ್ಪು ಹುಡುಕಲು ನನಗಂತೂ ಆಗುವುದಿಲ್ಲ.

ಹೊಳೆಯ ಮಡು ಮಾತ್ರ ಬೇರೆ. ಕೆರೆ ಒಣಗಿದರೆ ಮತ್ತೆ ಮರಿ ತಂದು ಬಿಡುತ್ತಾರೆ. ಬೇಸಿಗೆಯಲ್ಲಿ ಹೊಳೆ ತುಂಡು ತುಂಡಾಗಿ ನಿಂತಾಗ ಉದ್ದಕ್ಕೂ ಹರಡಿದ್ದ ಮೀನೆಲ್ಲ ಒಂದೊಂದು ಮಡುವಿನಲ್ಲಿ ಕೂಡಿಕೊಳ್ಳುತ್ತದೆ. ಹೊಟ್ಟೆ ತುಂಬ ಮೊಟ್ಟೆ ಕಟ್ಟಿಕೊಂಡು ಮುಂಗಾರಿನ ಹೊಸ ನೀರಿಗೆ ಕಾಯುವ ಹೊತ್ತು ಅದು. ಮಲೆನಾಡಿನಲ್ಲಿ ಜೂನ್ ಮಳೆಗೆ ತೊರೆ ಏರಿ ಗದ್ದೆಗೆ ಬರುವ ಹತ್ತುಮೀನು ಬರುವುದೂ ಅಲ್ಲಿಂದಲೇ. ಮೇನಲ್ಲಿ ಮಡು ಬರಿದು ಮಾಡಿ ಜೂನ್‌ನಲ್ಲಿ "ಈ ಸಲ ಮೀನೇ ಹತ್ತಲಿಲ್ಲ" ಅಂದರೆ ಹೇಗೆ? ಮಡುವಿನಲ್ಲಿ ಗಾಳ ಬೇಡ, ತಿನ್ನೋಕೂ ಬೇಡ. ಕಾವೇರಿಯ ಬಿಳಿಮೀನು, ಅಂದರೆ ಗೂನುಬೆನ್ನಿನ ಮಹಶೀರ್, 2018ರಿಂದ ಅಳಿವಿನ ಅಂಚಿನ ಅತಿ ಗಂಭೀರ ಪಟ್ಟಿಯಲ್ಲಿದೆ. ಕಾವೇರಿ ವನ್ಯಧಾಮದೊಳಗಿನ ಭೀಮೇಶ್ವರಿ, ಗಾಲಿಬೋರೆಯಲ್ಲಿ ರಾಗಿ ಹಿಟ್ಟಿನ ಉಂಡೆ ಹಾಕಿ ಅದನ್ನು ಹಿಡಿದು ಬಿಡುತ್ತಿದ್ದ ಕಾಲ ಮುಗಿದಿದೆ.

ಸಮುದ್ರದ ಬಗ್ಗೆಯೂ ಕೆಲವರು ಗೊಂದಲ ಮಾಡಿಕೊಳ್ಳುತ್ತಾರೆ. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ ಇರುವುದು ಜೂನ್ 1ರಿಂದ ಜುಲೈ 31ರವರೆಗೆ. ಏಪ್ರಿಲ್ 15ರಿಂದ ಜೂನ್ 14ರ ರಜೆ ಪೂರ್ವ ಕರಾವಳಿಯದ್ದು, ಚೆನ್ನೈ, ವಿಶಾಖಪಟ್ಟಣದ ಕಡೆಯದ್ದು. ಊರ ಕೆರೆಗೆ ಎರಡೂ ಸಂಬಂಧವಿಲ್ಲ. ಕೆರೆಯ ಮೀನಿನ ಹಕ್ಕನ್ನು ಯಾರಾದರೂ ಗುತ್ತಿಗೆ ಹಿಡಿದಿದ್ದರೆ ಅವರನ್ನು ಒಂದು ಮಾತು ಕೇಳಿ ಕೂರುವುದು ಒಳ್ಳೆಯದು.

ಇನ್ನು ಮಾವಿನ ಮಳೆ. ಒಂದು ಮಳೆ ಬಿತ್ತು, ನೀರು ತಣ್ಣಗಾಯಿತು, ಹೋಗೋಣ ಅಂತ ಹೊರಡಬೇಡಿ. ಮೊದಲ ಜೋರು ಮಳೆ ಬೀದಿಯ ಕೊಳೆಯನ್ನೆಲ್ಲ ತೊಳೆದು ಕೆರೆಗೆ ತರುತ್ತದೆ, ತಳದ ಕೆಟ್ಟ ನೀರನ್ನೂ ಮೇಲಕ್ಕೆ ಕಲಕುತ್ತದೆ. ಆಮೇಲೆ ಎರಡು ದಿನ ಮೋಡ ಕವಿದರೆ ಪಾಚಿಯ ಕೆಲಸವೂ ಬಂದ್. ಬೇಸಿಗೆಯ ಮೀನು ಸಾವು ಎಷ್ಟೋ ಸಲ ಇಂಥ ಮಳೆಯ ಮರುದಿನವೇ ಕಾಣುವುದು. ಹಾಗೆ ತೇಲಿದ ಮೀನನ್ನು ಆರಿಸಿಕೊಂಡು ಮನೆಗೆ ತರಬೇಡಿ. ಮಳೆ ಬರುವ ಮುಂಚಿನ ಹೊತ್ತೂ ಅಪಾಯದ್ದೇ. ಈಗಿನ ಕಾರ್ಬನ್ ಫೈಬರ್ ಕೋಲಿನಲ್ಲಿ ಕರೆಂಟ್ ಹರಿಯುತ್ತದೆ. ಬಟಾಬಯಲಿನ ಏರಿಯ ಮೇಲೆ ಅದನ್ನು ಎತ್ತಿ ಹಿಡಿದು ನಿಂತವನನ್ನು ಸಿಡಿಲು ಹುಡುಕಬೇಕಾಗಿಲ್ಲ. ದೂರದಲ್ಲಿ ಗುಡುಗು ಕೇಳಿತಾ, ಬೆಂಡು ಮುಳುಗುತ್ತಿದ್ದರೂ ಸರಿ, ಕೋಲು ಕೆಳಗಿಟ್ಟು ಗಟ್ಟಿ ಸೂರಿನಡಿಗೆ ಹೋಗಿ. ಮರದ ಕೆಳಗೆ ಅಲ್ಲ.