ಟಾಸ್ಮೇನಿಯಾದಲ್ಲಿ ಹುಟ್ಟದ ಮರ್ಲ್ ಓಬೆರಾನ್

1978ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ರಾಜಧಾನಿ ಹೋಬಾರ್ಟಿನಲ್ಲಿ ಒಂದು ಸತ್ಕಾರ ಸಮಾರಂಭ ನಡೆಯಿತು. ತಮ್ಮ ಊರಿನಲ್ಲಿ ಹುಟ್ಟಿ ಹಾಲಿವುಡ್ ತಾರೆಯಾಗಿ ಮೆರೆದ ಮಗಳು ತವರಿಗೆ ಬರುತ್ತಿದ್ದಾಳೆಂದು ನಗರದ ಮೇಯರ್ ಆಕೆಯನ್ನು ಬರಮಾಡಿಕೊಂಡಿದ್ದರು. ಆಕೆಯ ಹೆಸರಿಟ್ಟ ರಂಗಮಂದಿರವೂ ಆ ಊರಿನಲ್ಲಿತ್ತು. ಸಮಾರಂಭಕ್ಕೆ ಬಂದ ಸ್ವಲ್ಪ ಹೊತ್ತಿನಲ್ಲೇ ಅರವತ್ತೇಳು ವರ್ಷದ ಆ ನಟಿ, ತಾನು ಇಲ್ಲಿ ಹುಟ್ಟಿದವಳಲ್ಲ ಎಂದಳು. ಮೈ ಸರಿಯಿಲ್ಲವೆಂದು ಹೇಳಿ ಎದ್ದು ಹೊರಟಳು. ಹಾಗಾದರೆ ಹುಟ್ಟಿದ್ದು ಎಲ್ಲಿ ಎಂಬುದನ್ನು ಮಾತ್ರ ಹೇಳಲಿಲ್ಲ. ಊರಿನಲ್ಲಿದ್ದಷ್ಟು ದಿನ ಹೋಟೆಲಿನಿಂದ ಹೆಚ್ಚು ಹೊರಬರಲಿಲ್ಲ, ತನ್ನ ಹೆಸರಿನ ರಂಗಮಂದಿರವನ್ನೂ ನೋಡಲಿಲ್ಲ. ಮರುವರ್ಷ ನವೆಂಬರ್ 23ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ತೀರಿಕೊಂಡಳು.

ಮರ್ಲ್ ಓಬೆರಾನ್ ಹುಟ್ಟಿದ್ದು 1911ರ ಫೆಬ್ರುವರಿ 19ರಂದು, ಮುಂಬೈಯಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಐದನೆಯ ಜಾರ್ಜ್ ದೊರೆಯೂ ರಾಣಿ ಮೇರಿಯೂ ದೆಹಲಿ ದರ್ಬಾರಿಗೆಂದು ಮುಂಬೈ ಬಂದರಿನಲ್ಲಿ ಇಳಿದರು. ಗೇಟ್‌ವೇ ಆಫ್ ಇಂಡಿಯಾ ನಿಂತಿರುವುದು ಆ ಭೇಟಿಯ ನೆನಪಿಗೆ. ಆ ರಾಣಿಯ ನೆನಪಿನಲ್ಲೇ ಈ ಮಗುವನ್ನು ಮನೆಯಲ್ಲಿ ‘ಕ್ವೀನಿ’ ಎಂದು ಕರೆದರು. ಪೂರ್ತಿ ಹೆಸರು ಎಸ್ಟೆಲ್ ಮರ್ಲ್ ಓಬ್ರಿಯನ್ ಥಾಂಪ್ಸನ್. ತಂದೆ ಆರ್ಥರ್ ಥಾಂಪ್ಸನ್ ಇಂಗ್ಲೆಂಡಿನ ಡಾರ್ಲಿಂಗ್ಟನ್ನಿನವನು, ಭಾರತದ ರೈಲ್ವೆಯಲ್ಲಿ ಎಂಜಿನಿಯರ್. ಮೊದಲ ಮಹಾಯುದ್ಧಕ್ಕೆ ಹೋದವನು ಹಿಂತಿರುಗಲಿಲ್ಲ. ಮಗುವನ್ನು ಬೆಳೆಸಿದ ಶಾರ್ಲಟ್ ಸೆಲ್ಬಿ ಸಿಲೋನ್ ಮೂಲದ ಮಿಶ್ರರಕ್ತದ ಹೆಂಗಸು, ಮೈಬಣ್ಣ ಕಪ್ಪು. ಕ್ವೀನಿ ಅಮ್ಮ ಎಂದು ಕರೆದದ್ದು ಆಕೆಯನ್ನೇ.

1917ರಲ್ಲಿ ಸಂಸಾರ ಕಲ್ಕತ್ತೆಗೆ ಹೋಯಿತು. ಅಲ್ಲಿನ ಲಾ ಮಾರ್ಟಿನಿಯೇರ್ ಶಾಲೆಯಲ್ಲಿ ಹುಡುಗಿಗೆ ವಿದ್ಯಾರ್ಥಿವೇತನದ ಸೀಟು ಸಿಕ್ಕಿತು. ಆದರೆ ಜೊತೆಯ ಮಕ್ಕಳು ಅವಳ ಹುಟ್ಟನ್ನು ಎತ್ತಿ ಆಡಿಕೊಂಡರು. ಅವಳು ಶಾಲೆ ಬಿಟ್ಟಳು. ಆ ಕಾಲದ ಆಂಗ್ಲೋ ಇಂಡಿಯನ್ನರಿಗೆ ಇದು ದಿನನಿತ್ಯದ ಅನುಭವ: ಬಿಳಿಯರ ಕ್ಲಬ್ಬಿನ ಒಳಗೆ ಬಿಡುವುದಿಲ್ಲ, ಹೊರಗಿನವರು ನಮ್ಮವರೆನ್ನುವುದಿಲ್ಲ. ಕೂದಲಿನ ಬಣ್ಣ, ಉಗುರಿನ ಬುಡ, ಮಾತಿನ ಎಳೆತ ಎಲ್ಲವನ್ನೂ ಜನ ಅಳೆದು ನೋಡುತ್ತಿದ್ದರು. ತಾನು ಎಷ್ಟು ಬೆಳ್ಳಗೆ ಕಾಣುತ್ತೇನೆ ಎಂಬ ಲೆಕ್ಕವನ್ನು ಕ್ವೀನಿ ಕಲಿತದ್ದು ಹಾಲಿವುಡ್‌ನಲ್ಲಿ ಅಲ್ಲ, ಕಲ್ಕತ್ತೆಯಲ್ಲಿ. ಅಲ್ಲೇ ಟೆಲಿಫೋನ್ ಆಪರೇಟರ್ ಆಗಿ ದುಡಿದಳು, ಹವ್ಯಾಸಿ ನಾಟಕ ಸಂಘದಲ್ಲಿ ಬಣ್ಣ ಹಚ್ಚಿದಳು.

ಇಪ್ಪತ್ತರ ದಶಕದ ಕೊನೆಯಲ್ಲಿ ಅವಳೂ ಶಾರ್ಲಟ್‌ಳೂ ಹಡಗು ಹತ್ತಿದರು. ಫ್ರಾನ್ಸಿನ ನೀಸ್ ನಗರದಲ್ಲಿ ಸ್ಟುಡಿಯೊ ನಡೆಸುತ್ತಿದ್ದ ನಿರ್ದೇಶಕ ರೆಕ್ಸ್ ಇಂಗ್ರಾಮ್‌ಗೆ ಪರಿಚಯಿಸುತ್ತೇನೆ ಎಂದು ಕಲ್ಕತ್ತೆಯಲ್ಲಿ ಒಬ್ಬ ಮಾತು ಕೊಟ್ಟಿದ್ದ. ಒಂದು ದಿನ ಮನೆಗೆ ಬಂದವನು ಶಾರ್ಲಟ್‌ಳ ಮೈಬಣ್ಣ ನೋಡಿ ಹುಡುಗಿಯ ಸಹವಾಸ ಬಿಟ್ಟ ಎಂದು ಆಕೆಯ ಜೀವನಚರಿತ್ರೆಕಾರರು ಬರೆದಿದ್ದಾರೆ. ಮುಂದಿನ ಕತೆ ಓದುವವರಿಗೆ ಈ ಘಟನೆ ಬಹಳ ಮುಖ್ಯ. ಅಮ್ಮ ಜೊತೆಗಿದ್ದರೆ ಬಾಗಿಲು ಮುಚ್ಚುತ್ತದೆ ಎಂಬುದನ್ನು ಹದಿಹರೆಯದಲ್ಲೇ ಅವಳು ಕಣ್ಣಾರೆ ಕಂಡಿದ್ದಳು.

ಇಂಗ್ರಾಮ್ ಸಣ್ಣ ಪಾತ್ರ ಕೊಟ್ಟ. ಲಂಡನ್ನಿನಲ್ಲಿ ಕ್ವೀನಿ ಓಬ್ರಿಯನ್ ಎಂಬ ಹೆಸರಿನಲ್ಲಿ ಕೆಫೆ ಡಿ ಪ್ಯಾರಿಸ್ ನೈಟ್‌ಕ್ಲಬ್ಬಿನಲ್ಲಿ ಕೆಲಸ ಮಾಡುತ್ತ, ಗುಂಪಿನಲ್ಲಿ ನಿಲ್ಲುವ ಪಾತ್ರಗಳಲ್ಲಿ ಕೆಲವು ವರ್ಷ ಕಳೆದಳು. ಆಗ ಅವಳು ಅಲೆಕ್ಸಾಂಡರ್ ಕೋರ್ಡನ ಕಣ್ಣಿಗೆ ಬಿದ್ದಳು. ಹಂಗೇರಿಯ ಯಹೂದಿಯಾದ ಕೋರ್ಡನ ಹುಟ್ಟುಹೆಸರು ಶಾಂಡೋರ್ ಕೆಲ್ನರ್. ಬ್ರಿಟಿಷ್ ಚಿತ್ರೋದ್ಯಮವನ್ನು ಎತ್ತಿ ನಿಲ್ಲಿಸಿದ ಈತ ತನ್ನನ್ನೇ ತಾನು ಹೊಸದಾಗಿ ಕಟ್ಟಿಕೊಂಡವನು. ಓಬ್ರಿಯನ್ ಹೋಗಿ ಓಬೆರಾನ್ ಬಂತು. 1933ರಲ್ಲಿ ಎಂಟನೆಯ ಹೆನ್ರಿಯ ಖಾಸಗಿ ಬದುಕಿನ ಕುರಿತ ಚಿತ್ರದಲ್ಲಿ ಕೋರ್ಡ ಅವಳಿಗೆ ಆನ್ ಬೊಲಿನ್ ಪಾತ್ರ ಕೊಟ್ಟ. ಚಿತ್ರ ಆರಂಭವಾದ ಸ್ವಲ್ಪ ಹೊತ್ತಿಗೆ ರಾಣಿಯ ತಲೆ ಕತ್ತರಿಸುತ್ತಾರೆ. ಸಾವಿಗೆ ಮುಂಚೆ ಕನ್ನಡಿ ಹಿಡಿದು ಕೂದಲು ಸರಿಮಾಡಿಕೊಳ್ಳುವ ಆ ಕೆಲವೇ ನಿಮಿಷಗಳು ಅವಳವು. ಆ ಚಿತ್ರ ಚಾರ್ಲ್ಸ್ ಲಾಟನ್‌ಗೆ ಆಸ್ಕರ್ ತಂದಿತು. ಮರ್ಲ್‌ಗೆ ತಂದದ್ದು ಕೆಲಸ. 1934ರಲ್ಲಿ ‘ದಿ ಸ್ಕಾರ್ಲೆಟ್ ಪಿಂಪರ್ನೆಲ್’ ಚಿತ್ರದಲ್ಲಿ ಲೆಸ್ಲಿ ಹೊವಾರ್ಡ್‌ಗೆ ನಾಯಕಿಯಾದಳು.

ಸುಳ್ಳಿಗೆ ಒಂದು ಭೂಪಟ ಬೇಕಾದದ್ದು ಈಗ. ಪ್ರಚಾರ ವಿಭಾಗದವರು ಟಾಸ್ಮೇನಿಯಾವನ್ನು ಆರಿಸಿದರು. ಬ್ರಿಟಿಷ್ ಸಾಮ್ರಾಜ್ಯದೊಳಗಿನ ಜಾಗ, ಬಿಳಿಯರ ವಸಾಹತು, ಲಂಡನ್ನಿನಿಂದಲೂ ಅಮೆರಿಕದಿಂದಲೂ ಯಾರೂ ಹೋಗಿ ವಿಚಾರಿಸಲಾರದಷ್ಟು ದೂರ. ತಂದೆ ಸೇನಾಧಿಕಾರಿ, ಅವನ ಸಾವಿನ ನಂತರ ಬಾಲ್ಯದಲ್ಲಿ ಭಾರತಕ್ಕೆ ಬಂದಳು ಎಂದು ಕತೆ ಕಟ್ಟಿದರು. ಕಲ್ಕತ್ತೆಯಲ್ಲಿ ಅವಳನ್ನು ಕಂಡವರ ಬಾಯಿಗೂ ಹೀಗೆ ಉತ್ತರ ಸಿದ್ಧವಾಯಿತು. ಜನನದ ದಾಖಲೆ ಕೇಳಿದವರಿಗೆ ಅದು ಬೆಂಕಿಯಲ್ಲಿ ಸುಟ್ಟುಹೋಗಿದೆ ಎಂಬ ಮಾತೂ ಇತ್ತು. ಹೋಬಾರ್ಟಿನಲ್ಲಿ ನಿಜವಾಗಿ ಹುಟ್ಟಿದ ಒಬ್ಬ ಹಾಲಿವುಡ್ ತಾರೆ ಇದ್ದ, ಎರಾಲ್ ಫ್ಲಿನ್. ಊರಿನವರು ಮರ್ಲ್‌ಳನ್ನೂ ಅವನ ಪಕ್ಕದಲ್ಲಿ ಕೂರಿಸಿಕೊಂಡರು. ಕಾಲ ಹೋದಂತೆ ಆ ದ್ವೀಪದ ಜನ ತಮ್ಮದೇ ಕತೆಯನ್ನೂ ಸೇರಿಸಿದರು: ಅಲ್ಲಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಚೀನೀ ಮೂಲದ ಹೆಂಗಸು ಅವಳ ತಾಯಿಯಂತೆ. ಸುಳ್ಳು ತನ್ನ ಕಾಲಿನ ಮೇಲೆ ತಾನೇ ನಡೆಯತೊಡಗಿತ್ತು.

ಅಷ್ಟೊಂದು ಹೆದರಿಕೆ ಯಾಕೆ ಎಂದು ಇಂದಿನ ಓದುಗರು ಕೇಳಬಹುದು. ಹಾಲಿವುಡ್ ತುಂಬ ಹೆಸರು ಬದಲಿಸಿದವರೇ ಇದ್ದರು. ಅವಳನ್ನು ಅಮೆರಿಕದಲ್ಲಿ ಬೆಳೆಸಿದ ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಕೂಡ ಪೋಲೆಂಡಿನಿಂದ ಬೇರೆ ಹೆಸರಿನಲ್ಲಿ ಬಂದವನು. ಆದರೆ ಆಕೆಯ ಗುಟ್ಟು ರಟ್ಟಾದರೆ ಹೋಗುತ್ತಿದ್ದದ್ದು ಮರ್ಯಾದೆಯಷ್ಟೇ ಅಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಸಿಖ್ಖರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಭಾರತೀಯರು ಕಾನೂನಿನ ಕಣ್ಣಿನಲ್ಲಿ ‘ಬಿಳಿಯರು’ ಅಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪು ಕೊಟ್ಟಿತ್ತು. 1924ರ ವಲಸೆ ಕಾನೂನು ಏಷ್ಯಾದವರಿಗೆ ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಹಾಕಿತು. ಭಾರತೀಯರಿಗೆ ಪೌರತ್ವದ ದಾರಿ ತೆರೆದದ್ದು 1946ರಲ್ಲಿ. ಆಗಲೂ ವಲಸೆಗೆ ವರ್ಷಕ್ಕೆ ನೂರೇ ಜನರ ಕೋಟಾ.

ಚಿತ್ರರಂಗದ ಒಳಗಿನ ಕಾನೂನು ಇನ್ನೊಂದು. 1930ರಲ್ಲಿ ಬರೆದ ಹೇಸ್ ಸಂಹಿತೆಯನ್ನು 1934ರ ಮಧ್ಯದಿಂದ ಕಟ್ಟುನಿಟ್ಟಾಗಿ ಜಾರಿಗೆ ತಂದರು. ಮರ್ಲ್ ಹಾಲಿವುಡ್‌ಗೆ ಕಾಲಿಟ್ಟದ್ದು ಸರಿಯಾಗಿ ಆ ಹೊತ್ತಿಗೆ. ಬಿಳಿಯರೂ ಕರಿಯರೂ ಪ್ರೇಮಿಗಳಾಗಿ ತೆರೆಯ ಮೇಲೆ ಬರಕೂಡದು ಎಂಬುದು ಸಂಹಿತೆಯ ಒಂದು ವಿಧಿ. ಸ್ಟುಡಿಯೊಗಳು ಅದರ ನೆರಳನ್ನು ಏಷ್ಯಾದ ನಟರ ಮೇಲೂ ಚಾಚಿದವು. ಚೀನೀ ಮೂಲದ ಅಮೆರಿಕನ್ ನಟಿ ಆನಾ ಮೇ ವಾಂಗ್ ಆಗಲೇ ಹೆಸರು ಮಾಡಿದ್ದಳು. ಆದರೂ 1937ರ ‘ದಿ ಗುಡ್ ಅರ್ಥ್’ ಚಿತ್ರದ ಚೀನೀ ರೈತ ಹೆಂಗಸಿನ ಪಾತ್ರ ಅವಳಿಗೆ ಸಿಗಲಿಲ್ಲ. ನಾಯಕ ಪಾಲ್ ಮುನಿ ಬಿಳಿಯ ನಟನಾದ್ದರಿಂದ ನಾಯಕಿಯೂ ಬಿಳಿಯಳೇ ಆಗಬೇಕಾಯಿತು. ಆ ಪಾತ್ರಕ್ಕೆ ಮುಖಕ್ಕೆ ಬಣ್ಣ ಬಳಿದುಕೊಂಡ ಲೂಯಿಸ್ ರೈನರ್‌ಗೆ ಆಸ್ಕರ್ ಬಂತು. ವಾಂಗ್ ತನ್ನ ಹುಟ್ಟನ್ನು ಮರೆಮಾಚಲಿಲ್ಲ, ಮರೆಮಾಚುವುದು ಸಾಧ್ಯವೂ ಇರಲಿಲ್ಲ. ಅವಳ ಗತಿ ಮರ್ಲ್‌ಳ ಕಣ್ಣೆದುರಿಗೇ ಇತ್ತು.

ಮರ್ಲ್‌ಳ ಮೊದಲ ಪಾತ್ರಗಳಲ್ಲಿಯೂ ‘ಪೂರ್ವದೇಶದ ಚೆಲುವೆ’ಯ ಛಾಯೆ ಇತ್ತು. 1934ರಲ್ಲಿ ಚಾರ್ಲ್ಸ್ ಬೋಯೆ ಜೊತೆಗಿನ ಒಂದು ಚಿತ್ರದಲ್ಲಿ ಜಪಾನೀ ಗೃಹಿಣಿಯಾಗಿದ್ದಳು. ಗೋಲ್ಡ್‌ವಿನ್ ಅದನ್ನೆಲ್ಲ ಒರೆಸಿಹಾಕಿದ. 1935ರ ‘ದಿ ಡಾರ್ಕ್ ಏಂಜಲ್’ನಲ್ಲಿ ಅವಳು ಇಂಗ್ಲೆಂಡಿನ ಹಳ್ಳಿಗಾಡಿನ ಸಿರಿವಂತ ಮನೆಯ ಹುಡುಗಿ ಕಿಟ್ಟಿ. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಪ್ರಿಯಕರ ಅವಳಿಗೆ ಹೊರೆಯಾಗಬಾರದೆಂದು ಬೇರೆ ಹೆಸರಿನಲ್ಲಿ ಬದುಕುತ್ತಾನೆ. ಅವಳು ಹುಡುಕಿಕೊಂಡು ಬಂದಾಗ ಕಣ್ಣಿದ್ದವನಂತೆ ನಟಿಸುತ್ತಾನೆ. ಸುಳ್ಳು ಹೆಸರಿನ ಹಿಂದೆ ಅಡಗಿದವನನ್ನು ಪ್ರೀತಿಯಿಂದ ಕಂಡುಹಿಡಿಯುವ ಪಾತ್ರ ಅದು. ಇಂದು ಅವಳ ಕತೆ ಗೊತ್ತಿದ್ದು ಆ ಚಿತ್ರ ನೋಡಿದರೆ ಎದೆ ಭಾರವಾಗುತ್ತದೆ. ಆ ಪಾತ್ರಕ್ಕೆ ಅತ್ಯುತ್ತಮ ನಟಿಯ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಪ್ರಶಸ್ತಿ ಹೋದದ್ದು ಬೆಟ್ಟಿ ಡೇವಿಸ್‌ಗೆ. ಏಷ್ಯಾ ಮೂಲದ ನಟಿಯೊಬ್ಬಳು ಆ ಪಟ್ಟಿಗೆ ಸೇರಿದ್ದು ಅದೇ ಮೊದಲು. ಅಂದು ಅದನ್ನು ಹೇಳುವವರು ಯಾರೂ ಇರಲಿಲ್ಲ.

ಮುಂದಿನ ವರ್ಷ ವಿಲಿಯಂ ವೈಲರ್ ನಿರ್ದೇಶನದ ‘ದೀಸ್ ಥ್ರೀ’ ಬಂತು. 1937ರಲ್ಲಿ ಲಂಡನ್ನಿನಲ್ಲಿ ಕಾರು ಅಪಘಾತವಾಗಿ, ಅವಳು ಮೆಸ್ಸಲೀನಾ ಆಗಬೇಕಿದ್ದ ‘ಐ, ಕ್ಲಾಡಿಯಸ್’ ಚಿತ್ರ ಅರ್ಧಕ್ಕೇ ನಿಂತಿತು. 1939ರಲ್ಲಿ ವೈಲರ್‌ನದೇ ‘ವುದರಿಂಗ್ ಹೈಟ್ಸ್’. ಲಾರೆನ್ಸ್ ಒಲಿವಿಯೆ ಹೀತ್‌ಕ್ಲಿಫ್, ಮರ್ಲ್ ಕ್ಯಾಥಿ. ಎಮಿಲಿ ಬ್ರಾಂಟಿಯ ಕಾದಂಬರಿಯಲ್ಲಿ ಹೀತ್‌ಕ್ಲಿಫ್ ಕಪ್ಪು ಮೈಯ ಅನಾಥ. ಎಲ್ಲಿಯವನೆಂದು ಗೊತ್ತಾಗದೆ ಅವನನ್ನು ‘ಲಾಸ್ಕರ್’, ಅಂದರೆ ನಮ್ಮ ಕಡೆಯ ಹಡಗಿನ ಕೂಲಿಯಾಳು, ಇರಬಹುದೇ ಎಂದು ಊಹಿಸುತ್ತಾರೆ. ತೆರೆಯ ಮೇಲೆ ಆ ಪಾತ್ರಕ್ಕೆ ಬಂದವನು ಇಂಗ್ಲೆಂಡಿನ ಪಾದ್ರಿಯ ಮಗ. ಯಾರ್ಕ್‌ಶೈರಿನ ಬಿಳಿಯ ಹುಡುಗಿಯಾದವಳು ಮುಂಬೈಯ ಕ್ವೀನಿ. ಯಾರ ಮೈಯಲ್ಲಿ ಯಾವ ರಕ್ತ ಹರಿಯುತ್ತದೆ ಎಂಬ ಸಂಹಿತೆಯ ಲೆಕ್ಕಾಚಾರವೆಲ್ಲ ಆ ಒಂದು ಚಿತ್ರದಲ್ಲಿ ತಲೆಕೆಳಗಾಗಿತ್ತು, ಮತ್ತು ಕೋಟಿಗಟ್ಟಲೆ ಪ್ರೇಕ್ಷಕರಲ್ಲಿ ಯಾರಿಗೂ ಅದರಿಂದ ಏನೂ ಆಗಲಿಲ್ಲ. ಆ ಸಂಹಿತೆಯ ಪೊಳ್ಳುತನಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಕಿಲ್ಲ.

ಚೆಲುವನ್ನು ಕಾಪಾಡುವುದು ಅಂದಿನ ತಾರೆಗಳೆಲ್ಲರ ಪಾಡು. ಮರ್ಲ್‌ಗೆ ಅದರ ಜೊತೆಗೆ ಬಣ್ಣದ ಕಾವಲೂ ಇತ್ತು. ಕಪ್ಪುಬಿಳುಪು ಚಿತ್ರದಲ್ಲಿ ಮುಖ ಎಷ್ಟು ಬೆಳ್ಳಗೆ ಕಾಣಬೇಕೆಂಬುದು ದೀಪ ಇಡುವವನ ಕೈಯಲ್ಲಿರುತ್ತದೆ. ‘ದಿ ಡಾರ್ಕ್ ಏಂಜಲ್’ನಿಂದ ‘ವುದರಿಂಗ್ ಹೈಟ್ಸ್’ವರೆಗೆ ಗೋಲ್ಡ್‌ವಿನ್‌ನ ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಆ ಕೆಲಸವನ್ನು ಅದ್ಭುತವಾಗಿ ಮಾಡಿದ. ಆದರೆ 1940ರ ಹೊತ್ತಿಗೆ ಪ್ರಸಾಧನದ ವಿಷವೂ ಸಲ್ಫಾ ಔಷಧದ ಅಲರ್ಜಿಯೂ ಸೇರಿ ಅವಳ ಮುಖದ ಚರ್ಮ ಹಾಳಾಯಿತು. ನ್ಯೂಯಾರ್ಕಿನಲ್ಲಿ ಚರ್ಮ ಉಜ್ಜಿ ತೆಗೆಯುವ ನೋವಿನ ಚಿಕಿತ್ಸೆ ಮಾಡಿಸಿಕೊಂಡಳು. 1944ರ ‘ದಿ ಲಾಡ್ಜರ್’ ಚಿತ್ರೀಕರಣದಲ್ಲಿ ಛಾಯಾಗ್ರಾಹಕ ಲೂಸಿಯನ್ ಬಲಾರ್ಡ್ ಕ್ಯಾಮೆರಾದ ಮಸೂರದ ಪಕ್ಕದಲ್ಲೇ ಒಂದು ಚಿಕ್ಕ ದೀಪ ಕೂರಿಸಿದ. ನೇರವಾಗಿ ಮುಖಕ್ಕೆ ಬೀಳುವ ಆ ಬೆಳಕಿನಲ್ಲಿ ಕಲೆಗಳ ನೆರಳೇ ಏಳದೆ ಅವು ಕಾಣದಾಗುತ್ತಿದ್ದವು. ಕೋರ್ಡನನ್ನು 1939ರಲ್ಲಿ ಮದುವೆಯಾಗಿದ್ದ ಮರ್ಲ್ 1945ರಲ್ಲಿ ಅವನಿಂದ ಬೇರೆಯಾಗಿ ಬಲಾರ್ಡ್‌ನನ್ನು ವರಿಸಿದಳು. ಮಸೂರದ ಪಕ್ಕದ ಆ ದೀಪಕ್ಕೆ ಅವಳ ಹೆಸರಿನಿಂದ ಹುಟ್ಟಿದ ‘ಓಬಿ’ ಎಂಬ ಪದ ಛಾಯಾಗ್ರಾಹಕರ ಬಾಯಲ್ಲಿ ಇಂದಿಗೂ ಉಳಿದಿದೆ.

ಆಕೆ ತೀರಿಕೊಂಡು ನಾಲ್ಕು ವರ್ಷಗಳ ನಂತರ, 1983ರಲ್ಲಿ, ಮೊದಲ ದೊಡ್ಡ ಜೀವನಚರಿತ್ರೆ ಹೊರಬಂದು ಮುಂಬೈ, ಕಲ್ಕತ್ತೆಗಳ ಕತೆ ಜಗತ್ತಿಗೆ ತಿಳಿಯಿತು. ಆದರೆ ಒಳಗೆ ಇನ್ನೊಂದು ಗುಟ್ಟಿತ್ತು. ಶಾರ್ಲಟ್‌ಗೆ ಕಾನ್‌ಸ್ಟನ್ಸ್ ಎಂಬ ಮಗಳಿದ್ದಳು. ಮರ್ಲ್ ಅವಳನ್ನು ಅಕ್ಕನೆಂದೇ ತಿಳಿದು ಬೆಳೆದಳು. ಕಾನ್‌ಸ್ಟನ್ಸ್‌ಳ ಮಗನೊಬ್ಬ ಮುಂಬೈಯ ಸರ್ಕಾರಿ ದಾಖಲೆಯಲ್ಲಿ ಮರ್ಲ್‌ಳ ಜನನಪತ್ರ ಹುಡುಕಿ ತೆಗೆದಾಗ ತಾಯಿಯ ಹೆಸರಿನ ಜಾಗದಲ್ಲಿ ತನ್ನ ತಾಯಿಯ ಹೆಸರೇ ಕಂಡಿತು. ಆರ್ಥರ್ ಥಾಂಪ್ಸನ್‌ನಿಂದ ಬಸಿರಾದಾಗ ಕಾನ್‌ಸ್ಟನ್ಸ್ ಇನ್ನೂ ಬಾಲಕಿ. ಆ ಅನ್ಯಾಯವನ್ನೂ ಮಗಳ ಬಾಳನ್ನೂ ಮುಚ್ಚಿಡಲು ಶಾರ್ಲಟ್ ಮಗುವನ್ನು ತನ್ನದೆಂದು ಎತ್ತಿಕೊಂಡಿದ್ದಳು. ಚಿಕ್ಕಮ್ಮ ಎಂದುಕೊಂಡಿದ್ದವಳು ಅಕ್ಕನೆಂದು ತಿಳಿದ ಆ ಮಗ ಮರ್ಲ್‌ಳನ್ನು ಕಾಣಲು ಲಾಸ್ ಏಂಜಲೀಸಿಗೆ ಹೋದ. ಅವಳು ಭೇಟಿಗೆ ಒಪ್ಪಲಿಲ್ಲ. ಅವನು ಆ ಪತ್ರದ ವಿಷಯವನ್ನು ಜೀವನಚರಿತ್ರೆ ಬರೆದವರಿಗೆ ಹೇಳದೆ ಬಹುಕಾಲ ತನ್ನಲ್ಲೇ ಇಟ್ಟುಕೊಂಡ. ಹೊರಗೆ ಹೇಳಿದ್ದು ಆಸ್ಟ್ರೇಲಿಯಾದ ನಿರ್ದೇಶಕಿ ಮರೀ ಡೆಲೋಫ್ಸ್ಕಿ ಆಕೆಯ ಬಗ್ಗೆ ಮಾಡಿದ, 2002ರಲ್ಲಿ ತೆರೆಕಂಡ ಸಾಕ್ಷ್ಯಚಿತ್ರಕ್ಕೆ.

2023ರಲ್ಲಿ ಮಿಶೆಲ್ ಯೋ ಅತ್ಯುತ್ತಮ ನಟಿಯ ಆಸ್ಕರ್‌ಗೆ ನಾಮನಿರ್ದೇಶನಗೊಂಡಾಗ ಪತ್ರಿಕೆಗಳು ಆಕೆಯನ್ನು ಮೊದಲ ಏಷ್ಯನ್ ಎನ್ನಲು ಹೊರಟು ತಡೆದವು. ತನ್ನನ್ನು ಏಷ್ಯನ್ ಎಂದು ಗುರುತಿಸಿಕೊಂಡ ಮೊದಲಿಗಳು ಎಂದು ತಿದ್ದಿ ಬರೆದವು. ಆ ತಿದ್ದುಪಡಿಗೆ ಕಾರಣ ಮರ್ಲ್.

ಶಾರ್ಲಟ್ ಮೊಮ್ಮಗಳ ಜೊತೆಗೆ ಯುರೋಪಿಗೆ ಹೋದವಳು ಕೊನೆಯವರೆಗೂ ಅವಳ ಮನೆಯಲ್ಲೇ ಇದ್ದಳು. ಅತಿಥಿಗಳು ಬಂದಾಗ ಮರ್ಲ್ ಅವಳನ್ನು ಮನೆಗೆಲಸದವಳೆಂದು ತೋರಿಸುತ್ತಿದ್ದಳು ಎಂದು ಜೀವನಚರಿತ್ರೆಗಳು ಹೇಳುತ್ತವೆ. ಮುಂಬೈಯಲ್ಲಿ ಒಂದು ಮಗುವಿನ ಹುಟ್ಟನ್ನು ಮುಚ್ಚಿಡಲು ತಾಯಿಯೆನಿಸಿಕೊಂಡವಳು ಲಂಡನ್ನಿನಲ್ಲಿ ಅದೇ ಮಗುವಿನ ಹುಟ್ಟನ್ನು ಮುಚ್ಚಿಡಲು ತಾಯಿಯಲ್ಲದವಳಾಗಿ ನಿಂತಳು. 1937ರಲ್ಲಿ ತೀರಿಕೊಂಡಳು. ಹನ್ನೆರಡು ವರ್ಷ ಕಳೆದ ಮೇಲೆ, 1949ರಲ್ಲಿ, ಮರ್ಲ್ ಒಂದು ಹಳೆಯ ಫೋಟೊ ಕೊಟ್ಟು ಶಾರ್ಲಟ್‌ಳ ಚಿತ್ರ ಬರೆಸಿದಳು. ಮೈಬಣ್ಣವನ್ನು ತಿಳಿಯಾಗಿಸಬೇಕೆಂದು ಚಿತ್ರಕಾರನಿಗೆ ಹೇಳಿದ್ದಳು. ಮುಂದೆ ಲಾಸ್ ಏಂಜಲೀಸ್, ಮೆಕ್ಸಿಕೊ ಎಂದು ಮನೆಗಳು ಬದಲಾದವು, ಇನ್ನೆರಡು ಮದುವೆಗಳಾದವು. ಹೋದ ಮನೆಯಲ್ಲೆಲ್ಲ ಬಿಳಿಯ ಮುಖದ ಆ ಶಾರ್ಲಟ್ ಗೋಡೆಯ ಮೇಲೆ ಇದ್ದಳು. ಬಂದವರಿಗೆ ಮರ್ಲ್ ಅದನ್ನು ತೋರಿಸಿ, ಇವಳು ನನ್ನ ಅಮ್ಮ ಎನ್ನುತ್ತಿದ್ದಳು.