‘ರೆಫರ್’ ಬಂದಿದೆ, ಚಪ್ಪಾಳೆಗೆ ಬೆಚ್ಚುತ್ತದೆ: ಮತ್ತೆ ಪರೀಕ್ಷೆ ಬೇಕೇ?

ಪ್ರಶ್ನೆ: ಮಗು ಹುಟ್ಟಿದ ಮಾರನೆಯ ದಿನ ಕಿವಿ ತಪಾಸಣೆ ಮಾಡಿ, ಎಡಗಿವಿಗೆ ‘ರೆಫರ್’ ಎಂದು ಬರೆದುಕೊಟ್ಟರು. ಮನೆಯಲ್ಲಿ ಚಪ್ಪಾಳೆ ತಟ್ಟಿದರೆ ಬೆಚ್ಚಿಬೀಳುತ್ತದೆ. ಮತ್ತೆ ಪರೀಕ್ಷೆ ಮಾಡಿಸಲೇಬೇಕೇ?

ಮಾಡಿಸಲೇಬೇಕು. ‘ರೆಫರ್’ ಎಂದರೆ ಕಿವುಡು ಎಂದಲ್ಲ, ಇನ್ನೊಮ್ಮೆ ನೋಡಿ ಎಂದಷ್ಟೆ. ಆದರೆ ಅದಕ್ಕೆ ಚಪ್ಪಾಳೆ ಉತ್ತರವಾಗದು. ಮೆಲುಮಾತು ಕೇಳಿಸದ ಮಗುವೂ ಜೋರು ಸದ್ದಿಗೆ ಬೆಚ್ಚಬಹುದು. ಕೈ ಬೀಸಿದ ಗಾಳಿಗೆ, ಮಂಚ ಅದುರಿದ್ದಕ್ಕೂ ಬೆಚ್ಚಬಹುದು. ಅದೂ ಅಲ್ಲದೆ, ಬಲಗಿವಿ ಸರಿಯಿದ್ದರೆ ಎಡಗಿವಿಯ ಕೊರತೆ ಮನೆಯಲ್ಲಿ ಯಾರ ಗಮನಕ್ಕೂ ಬರುವುದಿಲ್ಲ.

ಮೊದಲ ತಪಾಸಣೆ ಸಾಮಾನ್ಯವಾಗಿ ಓಎಇ, ಅಂದರೆ ಒಳಕಿವಿಯ ಪ್ರತಿಧ್ವನಿ ಹಿಡಿಯುವ ಪರೀಕ್ಷೆ. ಕಿವಿಯಲ್ಲಿ ಪುಟ್ಟ ಪ್ರೋಬ್ ಇಟ್ಟು ಸದ್ದು ಬಿಟ್ಟರೆ, ಒಳಕಿವಿಯಲ್ಲಿ ಸದ್ದು ಗ್ರಹಿಸುವ ಕೂದಲಕೋಶಗಳು ಚೆನ್ನಾಗಿದ್ದಾಗ ಕ್ಷೀಣವಾದ ಪ್ರತಿಧ್ವನಿ ಹೊರಬರುತ್ತದೆ. ಹುಟ್ಟಿದ ಮೊದಲ 24–48 ಗಂಟೆ ಕಿವಿನಾಳದಲ್ಲಿ ಜಿಡ್ಡು, ನಡುಕಿವಿಯಲ್ಲಿ ದ್ರವ ಉಳಿದಿದ್ದರೆ ಆ ಪ್ರತಿಧ್ವನಿ ಅಲ್ಲೇ ಅಡಗುತ್ತದೆ. ಮಗು ಅತ್ತರೂ, ಪ್ರೋಬ್ ಸಡಿಲವಾದರೂ ಅಷ್ಟೆ. ಹಾಗಾಗಿ ಮರುತಪಾಸಣೆಯಲ್ಲಿ ಎಷ್ಟೋ ಮಕ್ಕಳು ಪಾಸಾಗುತ್ತವೆ. ಎಡಗಿವಿಗಷ್ಟೇ ‘ರೆಫರ್’ ಬಂದಿದ್ದರೂ ಎರಡೂ ಕಿವಿ ನೋಡಿಸಿ.

ಎರಡನೇ ಸಲವೂ ‘ರೆಫರ್’ ಬಂದರೆ ಆಡಿಯಾಲಜಿಸ್ಟ್ (ಶ್ರವಣತಜ್ಞ) ಬಳಿ ಬೆರಾ ಪರೀಕ್ಷೆ. ಹಣೆಗೆ, ಕಿವಿಯ ಹಿಂದೆ ಎಲೆಕ್ಟ್ರೋಡ್ ಅಂಟಿಸಿ, ಸದ್ದಿಗೆ ಶ್ರವಣ ನರ ಮತ್ತು ಮಿದುಳುಕಾಂಡ ಹೇಗೆ ಸ್ಪಂದಿಸುತ್ತವೆ ಎಂದು ಅಳೆಯುತ್ತಾರೆ. ಯಾವ ಕಿವಿಗೆ, ಯಾವ ಸ್ಥಾಯಿಯ ಸದ್ದು, ಎಷ್ಟು ಡೆಸಿಬೆಲ್‌ನಲ್ಲಿ ಮುಟ್ಟುತ್ತದೆ ಎಂಬ ಅಂದಾಜು ಸಿಗುವುದು ಇಲ್ಲೇ. ಇದು ಕೆಡುವುದು ಬಹುಪಾಲು ಮಗು ಎಚ್ಚರಗೊಂಡು ಕೈಕಾಲು ಆಡಿಸುವುದರಿಂದ. ದಾರಿಯಲ್ಲಿ ಮಲಗಲು ಬಿಡಬೇಡಿ. ಎಲೆಕ್ಟ್ರೋಡ್ ಅಂಟಿಸಿದ ಮೇಲೆ ಹಾಲು ಕೊಟ್ಟು ಮಲಗಿಸಿ. ಆ ದಿನ ತಲೆಗೆ, ಹಣೆಗೆ ಎಣ್ಣೆ ಬೇಡ, ಎಲೆಕ್ಟ್ರೋಡ್ ನಿಲ್ಲುವುದಿಲ್ಲ. ಕೆಲವು ತಿಂಗಳು ಕಳೆದರೆ ಮಗು ಅಷ್ಟು ಹೊತ್ತು ಅಲುಗಾಡದೆ ಮಲಗುವುದು ಕಷ್ಟ, ನಿದ್ರೆಯ ಔಷಧಿ ಬೇಕಾಗಬಹುದು.

ನಡುಕಿವಿಯಲ್ಲಿ ದ್ರವವಿದೆಯೇ ಎಂದು ನೋಡುವ ಪರೀಕ್ಷೆ ಮಾಡಿದರೆ 1000 ಹರ್ಟ್ಸ್ ಸ್ಥಾಯಿಯ ಸದ್ದು ಬಳಸುತ್ತಾರೆಯೇ ಎಂದು ಕೇಳಿ. ಆರು ತಿಂಗಳೊಳಗಿನ ಮಗುವಿನ ಕಿವಿನಾಳ ಮೆತ್ತಗಿರುತ್ತದೆ. ದೊಡ್ಡವರಿಗೆ ಬಳಸುವ 226 ಹರ್ಟ್ಸ್, ದ್ರವ ತುಂಬಿದ್ದರೂ ಸರಿಯಿದೆ ಎಂದು ತೋರಿಸಬಹುದು.

ಐದು ದಿನಕ್ಕಿಂತ ಹೆಚ್ಚು ಎನ್‌ಐಸಿಯುನಲ್ಲಿದ್ದ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಮಗುವಿಗೆ ಓಎಇ ಒಂದೇ ಸಾಲದು. ಒಳಕಿವಿ ಸರಿಯಿದ್ದು ನರದಲ್ಲಿ ದೋಷವಿದ್ದರೆ ಓಎಇ ಪಾಸ್ ಎಂದೇ ಹೇಳುತ್ತದೆ. ಬೆರಾ ಮಾತ್ರ ಅದನ್ನು ಹಿಡಿಯುತ್ತದೆ.

ಗಡುವು ಹೀಗೆ: ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ರೋಗನಿರ್ಣಯ, ಆರರೊಳಗೆ ಚಿಕಿತ್ಸೆ ಅಥವಾ ಶ್ರವಣಸಾಧನ. ‘ಮಾತು ತಡವಾದರೆ ನೋಡೋಣ’ ಎಂದು ಕಾದರೆ ಮೂರೂ ಗಡುವು ದಾಟಿರುತ್ತವೆ.

ಇನ್ನು ‘ಪಾಸ್’ ಚೀಟಿ ಅಂದಿನ ಮಟ್ಟಿಗೆ ಮಾತ್ರ. ಹುಟ್ಟಿನಿಂದ ಸಿಎಂವಿ ಎಂಬ ವೈರಸ್ ಸೋಂಕಿದ್ದರೆ, ಮನೆತನದಲ್ಲಿ ಬಾಲ್ಯದ ಕಿವುಡಿದ್ದರೆ ಮತ್ತೆ ಮತ್ತೆ ನೋಡಿಸಬೇಕು. ಮೆನಿಂಜೈಟಿಸ್ (ಮಿದುಳುಪೊರೆಯ ಉರಿಯೂತ) ಬಂದು ಹೋದ ಮೇಲಂತೂ ಬೇಗನೆ ಪರೀಕ್ಷೆ ಆಗಲೇಬೇಕು: ಒಳಕಿವಿಯಲ್ಲಿ ಮೂಳೆ ಬೆಳೆದುಬಿಟ್ಟರೆ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಒಳಕಿವಿಯಲ್ಲಿ ಇಡುವ ಶ್ರವಣ ಸಾಧನ) ಕೂರಿಸುವುದೇ ಕಷ್ಟ.